ಸೀತಾಳೆಯನ್ನು ಬೆಳೆಸೋಣ, ಕಾಡನ್ನು ಬೋಳಿಸುವುದು ಬೇಡ



ಈ ಪುಟದಲ್ಲಿ ಅಡಿಕೆಯ ಧಾರಣೆ, ಕೊಳೆರೋಗದ ಮದ್ದು, ಸಾಲದ ಕಂತು ಇವುಗಳ ವಿಷಯವನ್ನೇ ಓದಿ ಓದಿ ತಮಗೆ ಬೇಸರ ಬಂದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಈ ಸಲ ಒಂದು ಹೂವಿನ ವಿಷಯ ಬರೆಯುತ್ತಿದ್ದೇನೆ. ಹೂವಿನ ವಿಷಯವೆಂದ ಕೂಡಲೇ ಇದು ಹೆಂಗಸರ ಪುಟ ಎಂದು ಮಗುಚಿ ಹಾಕಬೇಡಿ. ಮುಂದಿನ ಮಹಾಸಭೆಯಲ್ಲಿ ಈ ಹೂವಿನ ಬಗೆಗೆ ನಾವೆಲ್ಲರೂ ಕೈ ಎತ್ತಿ ಒಂದು ತೀರ್ಮಾನ ಮಾಡಬೇಕಾಗಿದೆ.

ಕಳೆದ ಮೇ ತಿಂಗಳ ಕೊನೆಯಲ್ಲಿ ಸಂಘದ ಕಚೇರಿಗೆ ಹೊರಗಿನ ಒಬ್ಬ ವ್ಯಾಪಾರಿ ಬಂದಿದ್ದರು. ಮರದ ಮೇಲಿನ ಸೀತಾಳೆ ಗಿಡಗಳು ಅವರಿಗೆ ಬೇಕು. ಪೇಟೆಯಲ್ಲಿ ಇದಕ್ಕೆ ಒಳ್ಳೆಯ ಗಿರಾಕಿ ಇದೆಯಂತೆ. ಸದಸ್ಯರು ತಮ್ಮ ತೋಟ, ಹಾಡಿ, ಬೆಟ್ಟಗಳಿಂದ ಕಿತ್ತು ತಂದುಕೊಟ್ಟರೆ ಬುಡಕ್ಕೆ ಇಷ್ಟೆಂದು ಲೆಕ್ಕ ಹಾಕಿ ಹಣ ಕೊಡುತ್ತಾರಂತೆ. ಸಂಘ ಮಾಡಬೇಕಾದ್ದು ಇಷ್ಟೇ: ಗಿಡಗಳನ್ನು ಗೋದಾಮಿನಲ್ಲಿ ಎಣಿಸಿ ಇಟ್ಟುಕೊಂಡು ವಾರಕ್ಕೊಮ್ಮೆ ಲಾರಿಗೆ ತುಂಬಿಸುವುದು. ಅದಕ್ಕೆ ಸಂಘಕ್ಕೆ ಕಮಿಷನ್. ಆಡಳಿತ ಮಂಡಳಿಯಲ್ಲಿ ಈ ವಿಷಯ ಬಂದಾಗ, ಖರ್ಚಿಲ್ಲದ ಆದಾಯ, ವಾಚ್‌ಮನ್ ಸಂಬಳವಾದರೂ ಹುಟ್ಟುತ್ತದೆ ಎಂದು ಕೆಲವರು ಹೇಳಿದರು. ಕೆಲವರು ಬೇಡವೆಂದರು. ಒಮ್ಮತ ಬಾರದೆ ಮಹಾಸಭೆಗೆ ಬಿಡಲಾಗಿದೆ. ಸಭೆಗೆ ಮುಂಚೆ ನನ್ನ ಅಭಿಪ್ರಾಯವನ್ನು ತಮ್ಮೆದುರು ಇಡುತ್ತಿದ್ದೇನೆ. ಇದು ಮಂಡಳಿಯ ನಿರ್ಣಯವಲ್ಲ. ಸಸ್ಯಶಾಸ್ತ್ರ ಓದಿ ತೋಟಕ್ಕೆ ಮರಳಿದ, ಮನೆಯ ಸುತ್ತ ನಾಲ್ಕು ಸೀತಾಳೆ ಸಾಕಿಕೊಂಡಿರುವ ಒಬ್ಬ ಸದಸ್ಯನ ಮಾತು ಎಂದು ತಿಳಿಯಿರಿ.

ಇದು ಬಂದಳಿಕೆಯಲ್ಲ

ಮೊದಲು ಗಿಡದ ಪರಿಚಯ. ಇಂಗ್ಲಿಷಿನಲ್ಲಿ ಆರ್ಕಿಡ್ ಎನ್ನುವ ದೊಡ್ಡ ಕುಟುಂಬಕ್ಕೆ ಸೇರಿದ ಗಿಡಗಳಿವು. ನಮ್ಮಲ್ಲಿ ಸೀತಾಳೆ ಎನ್ನುತ್ತೇವೆ, ಮರಬಾಳೆ ಎನ್ನುವವರೂ ಇದ್ದಾರೆ. ಮಲಯಾಳಿಗಳ ಮರವಾಳವೂ ಇದೇ ಮಾತು. ಡಚ್ಚರ ಕಾಲದಲ್ಲಿ ಕೊಚ್ಚಿಯ ವಾನ್ ರೀಡ್ ಎಂಬ ಅಧಿಕಾರಿ 1678ರಿಂದ 1693ರ ವರೆಗೆ 12 ಸಂಪುಟಗಳಲ್ಲಿ ಪ್ರಕಟಿಸಿದ 'ಹೋರ್ಟಸ್ ಮಲಬಾರಿಕಸ್' ಗ್ರಂಥದಲ್ಲಿ ಮರವಾಳದ ಹೆಸರಿನಲ್ಲೇ ಈ ಗಿಡಗಳ ವರ್ಣನೆಯಿದೆ. ಪಡುವಣ ಕರಾವಳಿಯವರಿಗೆ ಇದು ಹೊಸ ಗಿಡವೇನಲ್ಲ.

ಮುಂಗಾರಿಗೆ ಮುಂಚೆ ಮೇ-ಜೂನ್ ಹೊತ್ತಿಗೆ ಹಳೆಯ ಮಾವು, ಹಲಸು, ಹೆಬ್ಬಲಸಿನ ಕೊಂಬೆಗಳಿಂದ ಮೊಳದುದ್ದದ ಗೊಂಚಲು ಜೋತುಬಿದ್ದು, ಬಿಳಿಯ ಮೇಲೆ ನಸುನೇರಳೆ ಚುಕ್ಕೆಯ ನೂರಾರು ಹೂಗಳು ಒತ್ತಾಗಿ ಅರಳುತ್ತವೆಯಲ್ಲ, ಅದು ಸೀತಾಳೆ ದಂಡೆ. ಶಾಸ್ತ್ರದ ಹೆಸರು ರಿಂಕೋಸ್ಟೈಲಿಸ್ ರೆಟ್ಯೂಸ. ವನವಾಸದಲ್ಲಿ ಸೀತಾದೇವಿ ಮುಡಿದ ದಂಡೆಯೆಂದು ಹಿರಿಯರ ನಂಬಿಕೆ. ಇದೇ ಹೂವನ್ನು ಅಸ್ಸಾಮಿನವರು ಕೋಪೌ ಫೂಲ್ ಎಂದು ಕರೆದು, ಬಿಹು ಹಬ್ಬದ ಕುಣಿತದಲ್ಲಿ ಹೆಣ್ಣುಮಕ್ಕಳ ತುರುಬಿಗೆ ಮುಡಿಸುತ್ತಾರೆ. ಅದು ಆ ರಾಜ್ಯದ ರಾಜ್ಯಪುಷ್ಪ.

ಇದೊಂದೇ ಅಲ್ಲ. ಮಳೆಗಾಲ ಮುಗಿದ ಮೇಲೆ ಎಲೆಯೆಲ್ಲ ಉದುರಿಸಿ ಒಣಕಲು ಕಡ್ಡಿಯಂತಾಗಿ, ಮತ್ತೆ ಆ ಬೋಳು ಕಡ್ಡಿಯಲ್ಲೇ ಬಿಳಿಯ ಹೂ ಬಿಡುವ ಡೆಂಡ್ರೋಬಿಯಂ ಜಾತಿಗಳಿವೆ. ಸುವಾಸನೆಯ ಏರಿಡಿಸ್, ದಪ್ಪ ಪಟ್ಟಿಯಂಥ ಎಲೆಯ ಸಿಂಬಿಡಿಯಂ, ನಾಟಿ ವೈದ್ಯರು ಹುಡುಕುವ ವಾಂಡ ಇವೆ. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ ನಮ್ಮ ದೇಶದಲ್ಲಿರುವ ಆರ್ಕಿಡ್ ಜಾತಿಗಳು 1,256. ಇವುಗಳಲ್ಲಿ 388 ಜಾತಿಗಳು ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲ. ಆ 388ರಲ್ಲಿ ಸುಮಾರು ಮೂರನೆಯ ಒಂದು ಪಾಲು ನಮ್ಮ ಪಶ್ಚಿಮ ಘಟ್ಟದವು. ನಮ್ಮ ಜಿಲ್ಲೆಯ ಗಿಡಗಳನ್ನು ತಿಳಿಯಬಯಸುವವರು ಉಡುಪಿಯ ಡಾ. ಕೆ. ಗೋಪಾಲಕೃಷ್ಣ ಭಟ್ಟರು 2003ರಲ್ಲಿ ಹೊರತಂದ 'ಫ್ಲೋರಾ ಆಫ್ ಉಡುಪಿ' ಗ್ರಂಥವನ್ನು ನೋಡಬಹುದು.

ನಮ್ಮ ಮರ ಹತ್ತುವ ಕೆಲಸಗಾರರು ಇದನ್ನು ಕಂಡರೆ ಕತ್ತಿ ಎತ್ತುತ್ತಾರೆ. "ಹ್ವಾಯ್ ಅಯ್ಯ, ಇದ್ ಬಂದಳ್ಕಿ ಅಲ್ದಾ? ಮರ ಹಾಳಾತ್ತ್!" ಎಂದು ನಮ್ಮ ಮನೆಯ ಕೊನೆಗಾರನೇ ಎಷ್ಟೋ ಸಲ ಹೇಳಿದ್ದಾನೆ. ಅವನ ತಪ್ಪಲ್ಲ, ನಮ್ಮಲ್ಲಿ ಅನೇಕರು ಹಾಗೇ ತಿಳಿದಿದ್ದೇವೆ. ಬಂದಳಿಕೆ ಮರದೊಳಕ್ಕೆ ಬೇರಿಳಿಸಿ ರಸ ಹೀರುತ್ತದೆ, ಅದನ್ನು ಕಡಿಯಲೇಬೇಕು. ಸೀತಾಳೆ ತೊಗಟೆಯನ್ನು ಹಿಡಿದುಕೊಂಡಿರುತ್ತದೆ ಅಷ್ಟೇ, ಒಳಕ್ಕೆ ಹೋಗುವುದಿಲ್ಲ. ಅದರ ಬೇರಿಗೆ ಬೆಳ್ಳಗಿನ ಸ್ಪಂಜಿನಂಥ ಒಂದು ಹೊದಿಕೆ ಇದೆ. ಮಳೆನೀರು, ಇಬ್ಬನಿ, ತೊಗಟೆಯ ಸಂದಿನಲ್ಲಿ ಕೊಳೆತ ಕಸ ಇವೇ ಅದರ ಆಹಾರ. ಅತಿಥಿಯಾಗಿ ಜಗಲಿಯಲ್ಲಿ ಕುಳಿತವನಿಗೂ ಉಗ್ರಾಣಕ್ಕೆ ಕನ್ನ ಹಾಕಿದವನಿಗೂ ಇರುವಷ್ಟೇ ವ್ಯತ್ಯಾಸ ಇವೆರಡಕ್ಕೆ ಇದೆ.

ನನ್ನ ಕೈಯಿಂದಾದ ತಪ್ಪು

ಉಪದೇಶ ಮಾಡುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. ಕುಂದಾಪುರದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ನನಗೆ ಈ ಗಿಡಗಳ ಹುಚ್ಚು ಹಿಡಿದಿತ್ತು. ರಜೆಯಲ್ಲಿ ಗೆಳೆಯರೊಂದಿಗೆ ಘಟ್ಟದ ಬುಡಕ್ಕೆ ಹೋಗಿ, ಬಿದ್ದ ಕೊಂಬೆಯಿಂದಲ್ಲ, ನಿಂತ ಮರದಿಂದಲೇ 16 ಬುಡಗಳನ್ನು ಕಿತ್ತು ಗೋಣಿಯಲ್ಲಿ ತುಂಬಿ ತಂದೆ. ಬೇರು ತೊಗಟೆಗೆ ಅಂಟಿಕೊಂಡಿದ್ದುದರಿಂದ ಅರ್ಧಕ್ಕರ್ಧ ಬೇರು ಅಲ್ಲೇ ಉಳಿಯಿತು. ಮನೆಗೆ ತಂದು ಮಲ್ಲಿಗೆಗೆ ಮಾಡುವಂತೆ ಕೆಮ್ಮಣ್ಣು, ಹಟ್ಟಿಗೊಬ್ಬರ ತುಂಬಿದ ಚಟ್ಟಿಯಲ್ಲಿ ನೆಟ್ಟು ದಿನಕ್ಕೆರಡು ಸಲ ನೀರು ಹೊಯ್ದೆ. ಆ ಮಳೆಗಾಲ ಮುಗಿಯುವಷ್ಟರಲ್ಲಿ 14 ಬುಡ ಕೊಳೆತುಹೋದವು. ಉಳಿದ ಎರಡರಲ್ಲಿ ಒಂದು ಡೆಂಡ್ರೋಬಿಯಂ. ಅದು ಎಲೆ ಉದುರಿಸಿ ಕಡ್ಡಿಯಾದಾಗ ಸತ್ತಿತೆಂದು ತಿಳಿದು ಗೊಬ್ಬರದ ಗುಂಡಿಗೆ ನಾನೇ ಎಸೆದೆ. ಅದು ಸತ್ತಿರಲಿಲ್ಲ, ವಿಶ್ರಾಂತಿಯಲ್ಲಿತ್ತು ಎಂಬುದು ತಿಳಿದದ್ದು ಮತ್ತೆ ಎಷ್ಟೋ ಕಾಲದ ನಂತರ.

ಸಸ್ಯಶಾಸ್ತ್ರದ ವಿದ್ಯಾರ್ಥಿಯ ಕೈಯಲ್ಲಿ 16ಕ್ಕೆ ಒಂದು ಉಳಿದರೆ, ಲಾರಿಯಲ್ಲಿ ಒತ್ತಿ ತುಂಬಿಸಿ, ಬಿಸಿಲಿನಲ್ಲಿ ಎರಡು ದಿನ ಸಾಗಿಸಿ, ಪೇಟೆಯ ಬಾಲ್ಕನಿಯಲ್ಲಿ ತೂಗುಹಾಕಿದ ಗಿಡಗಳಲ್ಲಿ ಎಷ್ಟು ಉಳಿಯಬಹುದು? ವ್ಯಾಪಾರಿಗೆ ಆ ಚಿಂತೆ ಇಲ್ಲ. ಗಿಡ ಸತ್ತರೆ ಗಿರಾಕಿ ಇನ್ನೊಂದು ಕೊಳ್ಳುತ್ತಾನೆ.

ನನ್ನ ಆ ಮರಕ್ಕೆ ಹತ್ತು ವರ್ಷಗಳ ನಂತರ ಮತ್ತೊಮ್ಮೆ ಹೋಗಿದ್ದೆ. ನಾನು ಕಿತ್ತ ಕೊಂಬೆ ಹಾಗೇ ಬೋಳಾಗಿತ್ತು. ಅದೇಕೆಂದು ತಿಳಿಯಬೇಕಾದರೆ ಈ ಗಿಡದ ಸಂತಾನದ ಕ್ರಮವನ್ನು ನೋಡಬೇಕು. ಆರ್ಕಿಡಿನ ಒಂದು ಕಾಯಿಯಲ್ಲಿ ಬೀಜಗಳು ಲಕ್ಷಗಟ್ಟಲೆ. ಆದರೆ ಅವು ಧೂಳಿನಷ್ಟು ಸಣ್ಣವು. ಭತ್ತದ ಕಾಳಿನಲ್ಲಿ ಮೊಳಕೆಗೆ ಬುತ್ತಿ ಕಟ್ಟಿಟ್ಟಿರುವಂತೆ ಇದರಲ್ಲಿ ಏನೂ ಇಲ್ಲ. ಗಾಳಿಯಲ್ಲಿ ಹಾರಿಹೋದ ಬೀಜ ಸರಿಯಾದ ತೊಗಟೆಯ ಮೇಲೆ ಕುಳಿತು, ಅಲ್ಲಿ ತಕ್ಕ ಒಂದು ಜಾತಿಯ ಬೂಷ್ಟು ಅದಕ್ಕೆ ಆಹಾರ ಊಡಿದರೆ ಮಾತ್ರ ಮೊಳೆಯುತ್ತದೆ. ಇದನ್ನು ಫ್ರಾನ್ಸಿನ ನೋಯೆಲ್ ಬರ್ನಾರ್ಡ್ ಎಂಬ ವಿಜ್ಞಾನಿ 1899ರಲ್ಲಿ ಕಂಡುಹಿಡಿದನು. ಮೊಳೆತ ಮೇಲೂ ಹೂ ಬಿಡಲು ಹಲವು ವರ್ಷ ಬೇಕು. ಲಕ್ಷಕ್ಕೆ ಒಂದು ಉಳಿದರೆ ಪುಣ್ಯ. ಅಡಿಕೆ ಸಸಿ ಸತ್ತರೆ ಬರುವ ವರ್ಷ ಇನ್ನೊಂದು ನೆಡಬಹುದು. ಮರದ ಮೇಲಿನ ಹಳೆಯ ಸೀತಾಳೆಯ ಬುಡವನ್ನು ಕಿತ್ತರೆ ಅದು ನಮ್ಮ ಆಯುಷ್ಯದಲ್ಲಿ ಮರಳಿ ಬಂದೀತೆಂಬ ಭರವಸೆಯಿಲ್ಲ.

ಹಿಂದೆ ನಡೆದದ್ದು

ಈ ವ್ಯಾಪಾರ ಹೊಸದೆಂದು ತಿಳಿಯಬೇಡಿ. ಸುಮಾರು 200 ವರ್ಷಗಳ ಹಿಂದೆ ಇಂಗ್ಲೆಂಡಿನ ಶ್ರೀಮಂತರಿಗೆ ಈ ಹೂವಿನ ಹುಚ್ಚು ಹಿಡಿಯಿತು. ನಮ್ಮ ದೇಶದ ಖಾಸಿ ಬೆಟ್ಟದಲ್ಲಿ ನೀಲಿ ವಾಂಡವೆಂಬ ಅಪೂರ್ವ ಜಾತಿಯಿದೆ. ಪ್ರಸಿದ್ಧ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ 1850ರಲ್ಲಿ ಅಲ್ಲಿಗೆ ಹೋದಾಗ ಏಳು ಆಳುಗಳ ಹೊರೆಯಷ್ಟು ಗಿಡಗಳನ್ನು ಕೀಳಿಸಿ ಲಂಡನ್ನಿನ ಕ್ಯೂ ತೋಟಕ್ಕೆ ಕಳುಹಿಸಿದರು. ಜೀವಂತವಾಗಿ ತಲುಪಿದ್ದು ಕೆಲವೇ ಕೆಲವು. ಅವರೇ ತಮ್ಮ ಪ್ರವಾಸ ಗ್ರಂಥದಲ್ಲಿ ಹಾಗೆ ಬರೆದಿಟ್ಟಿದ್ದಾರೆ. ಜಾಗ ನೋಡಿಕೊಂಡ ಇನ್ನೊಬ್ಬರು ಕಳುಹಿಸಿದ ಒಂದೇ ಹೊರೆ, ಅರೆಜೀವವಾಗಿ ತಲುಪಿದರೂ, 300 ಪೌಂಡಿಗೆ ಮಾರಾಟವಾಯಿತಂತೆ. ಅದರ ನಂತರ ಹೊರೆಗಳಿಗೆ ಲೆಕ್ಕವಿಲ್ಲ. ದಕ್ಷಿಣ ಅಮೆರಿಕಕ್ಕೆ ಹೋದ ಆಲ್ಬರ್ಟ್ ಮಿಲಿಕನ್ ಎಂಬ ಗಿಡಬೇಟೆಗಾರ 1891ರ ತನ್ನ ಪುಸ್ತಕದಲ್ಲಿ, ಸುಮಾರು 10,000 ಗಿಡಗಳಿಗಾಗಿ 4,000 ಮರಗಳನ್ನು ಕಡಿಸಿದ ಲೆಕ್ಕವನ್ನು ಹೇಳಿದ್ದಾನೆ. ಗಿಡ ಮೇಲಿದ್ದರೆ ಹತ್ತುವ ಕಷ್ಟವೇಕೆ, ಮರವನ್ನೇ ಉರುಳಿಸಿದರಾಯಿತು ಎಂಬ ಬುದ್ಧಿ! ಬುಡಕ್ಕೆ ಇಷ್ಟೆಂದು ಹಣ ಕೊಡುವ ಪದ್ಧತಿ ಬಂದರೆ ನಮ್ಮ ಹಾಡಿಯಲ್ಲೂ ಮೊದಲು ಕೊಂಬೆಗೆ, ಆಮೇಲೆ ಮರಕ್ಕೆ ಕತ್ತಿ ಬೀಳುವುದಿಲ್ಲವೆಂದು ಯಾರು ಹೇಳಬಲ್ಲರು?

ಕಾಯಿದೆಯ ಮಾತನ್ನೂ ಹೇಳಬೇಕು. ಕೊಲ್ಲೂರಿನ ಸುತ್ತಿನ ಮೂಕಾಂಬಿಕಾ ಅಭಯಾರಣ್ಯ 1974ರಿಂದ ಇದೆ. ದಕ್ಷಿಣಕ್ಕೆ ಸೋಮೇಶ್ವರ ಅಭಯಾರಣ್ಯ. ಅಭಯಾರಣ್ಯದಿಂದಾಗಲಿ ಮೀಸಲು ಅರಣ್ಯದಿಂದಾಗಲಿ ಗಿಡ ಕೀಳುವುದು ಅಪರಾಧ. 1972ರ ವನ್ಯಜೀವಿ ಕಾಯಿದೆಗೆ 1991ರಲ್ಲಿ ತಿದ್ದುಪಡಿಯಾಗಿ, ಅಪೂರ್ವ ಸಸ್ಯಗಳಿಗೆಂದೇ ಒಂದು ಅಧ್ಯಾಯ ಸೇರಿತು. ಹೂಕರ್ ಕೀಳಿಸಿದ ಆ ನೀಲಿ ವಾಂಡವೂ ಆ ಪಟ್ಟಿಯಲ್ಲಿದೆ. ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದವಾದ ಸೈಟಿಸ್‌ಗೆ ಭಾರತ 1976ರಲ್ಲಿ ಸೇರಿತು. ಇಡೀ ಆರ್ಕಿಡ್ ಕುಟುಂಬವೇ ಅದರ ಹಿಡಿತಕ್ಕೆ ಬರುತ್ತದೆ. ಕುಮ್ಕಿ ನಮ್ಮದೇ ಎಂದು ನಾವು ಭಾವಿಸಿದ್ದರೂ ಅದು ಸರಕಾರದ ಜಾಗ. ನಮಗಿರುವುದು ಸೊಪ್ಪು ಸೌದೆಯ ಸೌಲಭ್ಯ ಮಾತ್ರ. ಸಂಘದ ಗೋದಾಮಿನಲ್ಲಿ ರಾಶಿ ಬಿದ್ದ ಗಿಡ ಯಾವ ಮರದ್ದು, ಯಾವ ಸರ್ವೆ ನಂಬ್ರದ್ದು ಎಂದು ಅಧಿಕಾರಿಗಳು ಕೇಳಿದರೆ ಉತ್ತರಿಸಬೇಕಾದವನು ಕಾರ್ಯದರ್ಶಿ. ವ್ಯಾಪಾರಿ ಅಷ್ಟು ಹೊತ್ತಿಗೆ ಘಟ್ಟ ಹತ್ತಿರುತ್ತಾನೆ.

ಹಾಗಾದರೆ ಬೆಳೆಸುವುದು ಹೇಗೆ?

ಇಷ್ಟೆಲ್ಲ ಓದಿ, ಸೀತಾಳೆಯ ತಂಟೆಗೇ ಹೋಗಬಾರದೆಂದು ತೀರ್ಮಾನಿಸಬೇಡಿ. ನನ್ನ ಅಭಿಪ್ರಾಯ ಅದಕ್ಕೆ ತದ್ವಿರುದ್ಧ. ಈ ಗಿಡವನ್ನು ಸಾಕಲು ಪೇಟೆಯವರು ಚಪ್ಪರ, ಬಲೆ, ನೀರು ಸಿಂಪಡಿಸುವ ಯಂತ್ರ ಎಂದು ಸಾವಿರಾರು ರೂಪಾಯಿ ಖರ್ಚು ಮಾಡುತ್ತಾರೆ. ನಮಗೆ ಅಡಿಕೆ ತೋಟದ ತೂರುಬಿಸಿಲು, ತೋಡಿನ ತಂಪು, ಕರಾವಳಿಯ ತೇವದ ಗಾಳಿ ಪುಕ್ಕಟೆ ಸಿಕ್ಕಿದೆ. ಘಟ್ಟದ ಬುಡದಲ್ಲಿ ಅಡಿಕೆಯೊಡನೆ ರೊಬಸ್ಟಾ ಕಾಫಿ ಹಾಕಿದ ಸದಸ್ಯರಿಗಂತೂ ನೆರಳಿನ ಮರಗಳೇ ಇವೆ.

ಗಿಡ ಎಲ್ಲಿಂದ ತರಬೇಕು? ಗಾಳಿಮಳೆಗೆ ಬಿದ್ದ ಕೊಂಬೆಯಿಂದ. ನಮ್ಮ ಪಟ್ಟಾ ಜಾಗದಲ್ಲಿ ಕಡಿಯಲೇಬೇಕಾದ ಮರದಿಂದ. ಈಗಾಗಲೇ ಸಾಕಿದವರಿಂದ ಪಾಲು ಮಾಡಿ. ಇಷ್ಟು ಸಾಕು, ನಾಲ್ಕು ವರ್ಷದಲ್ಲಿ ಅಂಗಳ ತುಂಬುತ್ತದೆ.

ಕಟ್ಟುವ ಕಾಲ ಮುಂಗಾರಿನ ಮೊದಲ ವಾರಗಳು. ಮಣ್ಣು ಬೇಡವೇ ಬೇಡ. ಮಾವು, ಹಲಸು, ತೆಂಗು ಹೀಗೆ ಒರಟು ತೊಗಟೆಯ ಮರದ ಪೂರ್ವದ ಮಗ್ಗುಲಿಗೆ, ಕೈಗೆ ಎಟಕುವ ಎತ್ತರದಲ್ಲಿ, ಒಂದು ತುಂಡು ತೆಂಗಿನ ಸಿಪ್ಪೆಯನ್ನು ಒತ್ತುಕೊಟ್ಟು ಬಾಳೆನಾರಿನಿಂದ ಕಟ್ಟಿ. ಪ್ಲಾಸ್ಟಿಕ್ ಹುರಿ ಗಿಡವನ್ನು ಕೊಯ್ಯುತ್ತದೆ. ಬಾಳೆನಾರು ಕೊಳೆತು ಬೀಳುವಷ್ಟರಲ್ಲಿ ಬೇರು ಮರವನ್ನು ಹಿಡಿದಿರುತ್ತದೆ, ನಾರು ಬಿಚ್ಚುವ ಕೆಲಸವೂ ಉಳಿಯಿತು. ಪೇರಳೆ, ನೀಲಗಿರಿಯಂಥ ತೊಗಟೆ ಸುಲಿಯುವ ಮರ ಆಗದು. ಬೇರು ಹಿಡಿದ ತೊಗಟೆಯೇ ಕಳಚಿ ಬೀಳುತ್ತದೆ. ಚಟ್ಟಿಯಲ್ಲೇ ಬೇಕೆಂದರೆ ಸುತ್ತಲೂ ತೂತಿರುವ ಚಟ್ಟಿಯಲ್ಲಿ ಹಂಚಿನ ಚೂರು, ಇದ್ದಿಲು, ಸಿಪ್ಪೆಯ ತುಂಡು ಇವನ್ನು ಮಾತ್ರ ಹಾಕಿ ತೂಗುಹಾಕಬೇಕು.

ನೀರಿನ ವಿಷಯದಲ್ಲಿ ಒಂದೇ ಸೂತ್ರ: ಬೇರು ನೆನೆಯಬೇಕು, ಮತ್ತೆ ಒಣಗಬೇಕು. ಮಳೆಗಾಲದಲ್ಲಿ ನಾವು ಮಾಡುವುದೇನೂ ಇಲ್ಲ. ಮಾರ್ಚ್‌ನಿಂದ ಮೇ ವರೆಗೆ ಬೆಳಿಗ್ಗೆ ಒಂದು ಸಲ ನೀರು ಚಿಮುಕಿಸಿದರೆ ಸಾಕು. ಎಲೆ ಉದುರಿಸಿದ ಡೆಂಡ್ರೋಬಿಯಂಗೆ ನೀರು ತೀರಾ ಕಡಿಮೆ ಮಾಡಿ. ನನ್ನಂತೆ ಗುಂಡಿಗೆ ಎಸೆಯಬೇಡಿ. ಬೆಳಕು ಸಾಕೇ ಸಾಲದೇ ಎಂದು ಎಲೆಯೇ ಹೇಳುತ್ತದೆ. ಎಲೆ ಕಡುಹಸಿರಾಗಿ ಮೆತ್ತಗಾದರೆ ನೆರಳು ಹೆಚ್ಚಾಯಿತು, ಹೂ ಬರುವುದಿಲ್ಲ. ಹಳದಿಗೋ ಕೆಂಪಿಗೋ ತಿರುಗಿದರೆ ಬಿಸಿಲು ಹೆಚ್ಚಾಯಿತು. ಗೊಬ್ಬರ ಕೊಡುವವರು ನೀರಿನಲ್ಲಿ ಕರಗುವ ಗೊಬ್ಬರವನ್ನು ಲೀಟರಿಗೆ 1 ಗ್ರಾಂ ಮೀರದಂತೆ, ಗಿಡ ಚಿಗುರುವ ಕಾಲದಲ್ಲಿ ಮಾತ್ರ ಕೊಟ್ಟರಾಯಿತು.

ಅಡಿಕೆ ಬೆಳೆಗಾರರಾದ ನಾವು ವಿಶೇಷವಾಗಿ ನೆನಪಿಡಬೇಕಾದ ಸಂಗತಿಯೊಂದಿದೆ. ಕೊಳೆರೋಗಕ್ಕೆ ನಾವು ಬಿಡುವ ಬೋರ್ಡೋ ಮದ್ದಿನಲ್ಲಿರುವುದು ಮೈಲುತುತ್ತ. ಈ ತಾಮ್ರದ ಮದ್ದು ಆರ್ಕಿಡ್‌ಗಳಿಗೆ, ಅದರಲ್ಲೂ ಡೆಂಡ್ರೋಬಿಯಂ ಜಾತಿಗೆ, ಹೂವು ಮೊಗ್ಗುಗಳಿಗೆ ಆಗಿಬರುವುದಿಲ್ಲ. ಕೊನೆಗೆ ಹೊಡೆದ ಮದ್ದು ಕೆಳಗೆ ಸೋರದೆ ಇರುವುದಿಲ್ಲ. ಆದ್ದರಿಂದ ಮದ್ದು ಬಿಡುವ ಅಡಿಕೆ ಮರಕ್ಕೇ ಸೀತಾಳೆ ಕಟ್ಟಬೇಡಿ. ತೋಟದ ಅಂಚಿನ, ಮನೆಯ ಹಿತ್ತಲಿನ ಮರಗಳಿಗೆ ಕಟ್ಟಿ. ತೂಗುಹಾಕಿದ ಚಟ್ಟಿಗಳನ್ನು ಮದ್ದಿನ ದಿನ ಒಳಗೆ ತೆಗೆದಿಡಿ. ಮಳೆಗಾಲದಲ್ಲಿ ಬಸವನಹುಳು ಎಳೆಯ ಬೇರನ್ನು ತಿನ್ನುತ್ತದೆ; ರಾತ್ರಿ ದೀಪ ಹಿಡಿದು ಹೆಕ್ಕುವುದೇ ಅದಕ್ಕೆ ಮದ್ದು.

ಇನ್ನು ಸಂಗ್ರಹದ ಮಾತು. ಸಂಗ್ರಹವೆಂದರೆ ಎಣಿಕೆಯಲ್ಲ. ನನ್ನಲ್ಲಿ ಈಗ ಇರುವುದು 11 ಜಾತಿ. ಒಂದು ನೋಟ್ ಪುಸ್ತಕವೂ ಇದೆ. ಯಾವ ಗಿಡ ಯಾವ ಊರಿನ ಯಾವ ಮರದಿಂದ ಬಂತು, ಯಾವ ವರ್ಷ ಯಾವ ದಿನ ಮೊದಲ ಹೂ ಬಿಟ್ಟಿತು, ಯಾವ ಹುಳ ಬಂತು ಎಂದು ಬರೆದಿಡುತ್ತೇನೆ. ಊರಿನ ಹೆಸರಿಲ್ಲದ ಗಿಡ ಬರಿಯ ಅಲಂಕಾರ. ತೋಟದಲ್ಲೇ ಬಿಟ್ಟು ನೋಡಿ ಬರೆದುಕೊಂಡ ಗಿಡವನ್ನೂ ನಾನು ನನ್ನ ಸಂಗ್ರಹಕ್ಕೇ ಸೇರಿಸುತ್ತೇನೆ. ನಮ್ಮ ತೋಟದ ಮೇಲಂಚಿನಲ್ಲಿರುವ ಹಳೆಯ ಹೆಬ್ಬಲಸನ್ನು ಕಡಿಯಲು ತಂದೆಯವರ ಕಾಲದಲ್ಲಿ ಮಾತಾಗಿತ್ತು, ಹೇಗೋ ಉಳಿಯಿತು. ಆ ಮರದ ದಂಡೆಯಿಂದ ಹಾರಿದ ಬೀಜ ಮೊಳೆತು, ಆಚೆಯ ಮಾವಿನ ಮೇಲೆ ಮೂರು ಪುಟ್ಟ ಗಿಡಗಳು ತಾವಾಗಿ ಬಂದದ್ದನ್ನು ಕಂಡ ದಿನದ ಸಂತೋಷ, ಸಾಲ ತೀರಿದ ದಿನವೂ ನನಗೆ ಆಗಿರಲಿಲ್ಲ.

ವೆನಿಲ್ಲಾವನ್ನು ಮರೆಯಬೇಡಿ

ಇದರಿಂದ ಆದಾಯ ಸಾಧ್ಯವೇ ಎಂದು ಅನೇಕರು ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಅಡಿಕೆಗೆ ಒಂದು ಕಡೆ ಹಳದಿ ಎಲೆ, ಇನ್ನೊಂದು ಕಡೆ ಎಲೆಚುಕ್ಕಿ ರೋಗ ಬಂದು ಕುಳಿತಿರುವಾಗ ಉಪಬೆಳೆ ಬೇಕೆನ್ನಿಸುವುದು ಸಹಜ. ಆದರೆ ನಾವೆಲ್ಲ ಒಂದು ಆರ್ಕಿಡನ್ನು ಈಗಾಗಲೇ ಬೆಳೆದು ನೋಡಿದವರು ಎಂಬುದು ಎಷ್ಟು ಜನರಿಗೆ ನೆನಪಿದೆ? ವೆನಿಲ್ಲಾ ಕೂಡ ಇದೇ ಕುಟುಂಬದ ಬಳ್ಳಿ. ಮೆಕ್ಸಿಕೋ ಕಡೆಯ ಆ ಬಳ್ಳಿಯನ್ನು ಬೇರೆ ದೇಶಗಳಲ್ಲಿ ನೆಟ್ಟರೆ ಕಾಯಿ ಕಚ್ಚುತ್ತಿರಲಿಲ್ಲ. 1841ರಲ್ಲಿ ರೀಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಹುಡುಗ ಕಡ್ಡಿಯಿಂದ ಪರಾಗಸ್ಪರ್ಶ ಮಾಡುವ ಉಪಾಯ ಕಂಡುಹಿಡಿದ. ನಾವೂ ಬೆಳಿಗ್ಗೆ ಎದ್ದು ಒಂದೊಂದೇ ಹೂವಿಗೆ ಮಾಡಿದ್ದು ಅದೇ ಹುಡುಗನ ಉಪಾಯವನ್ನು.

2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದು ಅಲ್ಲಿಯ ಬೆಳೆ ನೆಲಕಚ್ಚಿತು. 2003ರ ಹೊತ್ತಿಗೆ ಇಲ್ಲಿ ಹಸಿ ಕೋಡಿಗೆ ಕಿಲೋಗೆ 3,000 ರೂಪಾಯಿ ದಾಟಿತು. ರಾತ್ರಿಯಿಡೀ ಟಾರ್ಚು ಹಿಡಿದು ತೋಟ ಕಾದೆವು. ಬಳ್ಳಿಯ ತುಂಡಿಗೂ ಹಣ ಸುರಿದೆವು. ಆ ಕಡೆ ಮಡಗಾಸ್ಕರ್ ಚೇತರಿಸಿಕೊಂಡಿತು, ಕೃತಕ ಪರಿಮಳ ಪೇಟೆ ಹಿಡಿಯಿತು. ಎರಡು ಮೂರು ವರ್ಷದಲ್ಲಿ ಕೊಳ್ಳುವವರೇ ಇಲ್ಲದಾದರು. ಸಾಲ ಮಾತ್ರ ಉಳಿಯಿತು. ಹೂವಿನ ತಪ್ಪಲ್ಲ, ನಮ್ಮ ಆತುರದ ತಪ್ಪು.

ಹಾಗಾಗಿ ಕತ್ತರಿಸಿದ ಹೂವಿಗಾಗಿ ಹೈಬ್ರಿಡ್ ಡೆಂಡ್ರೋಬಿಯಂ ಬೆಳೆಯಬೇಕೆನ್ನುವವರು ಸಾಲ ಮಾಡಿ ದೊಡ್ಡ ಚಪ್ಪರ ಹಾಕುವ ಮೊದಲು 50 ಚಟ್ಟಿಯಿಂದ ಎರಡು ವರ್ಷ ನೋಡಿ. ಇವು ಪ್ರಯೋಗಶಾಲೆಯಲ್ಲಿ ಬೆಳೆಸಿದ ಸಸಿಗಳು. ಅಮೆರಿಕದ ಲೂಯಿಸ್ ನಡ್ಸನ್ ಎಂಬವರು 1922ರಲ್ಲಿ ಬೂಷ್ಟಿನ ನೆರವಿಲ್ಲದೆ ಸಕ್ಕರೆಯ ಪಾಕದಲ್ಲೇ ಆರ್ಕಿಡ್ ಬೀಜ ಮೊಳೆಯಿಸುವ ಕ್ರಮವನ್ನು ತೋರಿಸಿದ ಮೇಲೆ ಕಾಡಿಗೆ ಕೈಹಾಕದೆ ಗಿಡ ಮಾಡುವ ದಾರಿ ತೆರೆಯಿತು. ನಮ್ಮ ಊರಿನ ಒಬ್ಬ ಅಕ್ಕ ಹೀಗೆ ತಂದ ಗಿಡಗಳ ಕಡ್ಡಿಯ ತುದಿಯಲ್ಲಿ ಬರುವ ಮರಿಗಳನ್ನು ಬಿಡಿಸಿ, ತೆಂಗಿನ ಸಿಪ್ಪೆಗೆ ಕಟ್ಟಿ, ಬೇರು ಹಿಡಿದ ಮೇಲೆ ಮನೆಬಾಗಿಲಲ್ಲೇ ಮಾರುತ್ತಾರೆ. "ಮಲ್ಲಿಗೆಯ ಹಾಗೆ ದಿನಾ ಕೊಯ್ಯುವ ಗಡಿಬಿಡಿ ಇಲ್ಲ, ತಿಂಗಳಿಗೆ ಗ್ಯಾಸಿನ ದುಡ್ಡು ಹುಟ್ಟಿದರೆ ನನಗೆ ಸಾಕು" ಎನ್ನುತ್ತಾರೆ. ಅವರ ಲೆಕ್ಕ ಚಿಕ್ಕದು, ಆದರೆ ಸರಿಯಾದದ್ದು.

ಬರುವ ಆಕ್ಷೇಪಗಳು

ಮಹಾಸಭೆಯಲ್ಲಿ ಬರಬಹುದಾದ ಎರಡು ಮಾತಿಗೆ ಈಗಲೇ ಉತ್ತರ ಹೇಳುತ್ತೇನೆ.

"ಹೆದ್ದಾರಿ ಅಗಲ ಮಾಡಲು ಕುಂದಾಪುರದಿಂದ ಶಿರೂರಿನ ವರೆಗೆ ಸಾಲುಮರಗಳನ್ನೇ ಕಡಿದರು. ಆ ಮರಗಳ ಮೇಲಿದ್ದ ಗಿಡಗಳ ಗತಿ ಯಾರು ಕೇಳಿದರು? ನಾವು ನಾಲ್ಕು ಬುಡ ಕಿತ್ತರೆ ಪಾಪವೇ?" ಎಂಬುದು ಒಂದು. ಈ ಮಾತಿನಲ್ಲಿ ನಿಜವಿದೆ, ನನಗೂ ಸಿಟ್ಟಿದೆ. ಕಡಿದ ಮರಗಳ ಮೇಲಿನ ಗಿಡ ಬಿಸಿಲಿಗೆ ಸುಟ್ಟು ಹೋದದ್ದನ್ನು ನಾನೂ ನೋಡಿದ್ದೇನೆ. ಆದರೆ ಅಂದು ನಾವು ಗೋಣಿ ಹಿಡಿದು ಹೋಗಿ ಅವನ್ನು ಹೆಕ್ಕಿ ತರಲಿಲ್ಲ. ತರಬಹುದಾಗಿತ್ತು. ಅಧಿಕಾರಿಗಳನ್ನು ಕೇಳುವ ಕಷ್ಟವನ್ನೂ ನಾವು ತೆಗೆದುಕೊಳ್ಳಲಿಲ್ಲ. ಅಷ್ಟು ನಷ್ಟವಾದ ಮೇಲೆ ಉಳಿದದ್ದನ್ನೂ ನಾವೇ ಮಾರುವುದು ಅದಕ್ಕೆ ಪರಿಹಾರವೇ?

ಎರಡನೆಯದು ಇನ್ನೂ ಕಠಿಣ. "ತೋಟವಿರುವ ನಿಮಗೆ ಹೂವಿನ ಸೊಗಸು. ಐದು ಸೆಂಟ್ಸಿನವನಿಗೆ ಮಳೆಗಾಲದ ಎರಡು ತಿಂಗಳು ಕೂಲಿಯಿಲ್ಲ. ಅವನಿಗೆ ಬರುವ ನಾಲ್ಕು ಕಾಸನ್ನು ಏಕೆ ತಪ್ಪಿಸುತ್ತೀರಿ?" ಎಂದು ಕೇಳಿದರೆ ತಲೆ ತಗ್ಗಿಸಬೇಕಾಗುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಹತ್ತಿರದ ಮರಗಳ ಗಿಡ ಒಂದೆರಡು ವರ್ಷದಲ್ಲಿ ಮುಗಿಯುತ್ತದೆ. ಆಮೇಲೆ ಅವನು ಅಭಯಾರಣ್ಯದ ಒಳಗೆ ಹೋಗಬೇಕು, ಎತ್ತರದ ಮರ ಹತ್ತಬೇಕು. ಸಿಕ್ಕಿಬಿದ್ದರೆ ಕೇಸು ಅವನ ಮೇಲೆ, ಬಿದ್ದರೆ ಸೊಂಟ ಅವನದು. ಹೆಚ್ಚಿನ ಲಾಭ ಎಂದಿನಂತೆ ಲಾರಿಯವನದು. ಅವನ ಮನೆಯವರಿಗೆ ಆ ಅಕ್ಕನ ವಿದ್ಯೆ ಕಲಿಸಿಕೊಟ್ಟರೆ ಅದು ವರ್ಷವೂ ನಿಲ್ಲುವ ಆದಾಯ.

ನನ್ನ ಸೂಚನೆಗಳು

ಬೇಡ ಎನ್ನುವುದು ಸುಲಭ; ಏನು ಬೇಕು ಎಂಬುದನ್ನೂ ಹೇಳಬೇಕು. ಮಹಾಸಭೆಯ ಮುಂದೆ ನಾನು ಇಡಲಿರುವ ಸೂಚನೆಗಳು ಇವು.

ಒಂದು, ಮರದಿಂದ ಕಿತ್ತ ಕಾಡು ಸೀತಾಳೆಯನ್ನು ಸಂಘ ಕೊಳ್ಳಬಾರದು, ಮಾರಬಾರದು, ಗೋದಾಮಿನಲ್ಲಿ ಇಡಬಾರದು.

ಎರಡು, ಗೋದಾಮಿನ ಹಿಂದಿರುವ ಎರಡು ಮಾವಿನ ಮರಗಳ ಕೆಳಗೆ ಅಡಿಕೆ ದಬ್ಬೆಯ ಒಂದು ಚಪ್ಪರ ಹಾಕೋಣ. ಸದಸ್ಯರು ಪಟ್ಟಾ ಜಾಗದಲ್ಲಿ ಮರ ಕಡಿಸುವ ಮೊದಲು, ಮರಗಸಿಯ ಕಾಲದಲ್ಲಿ ಕೊಂಬೆ ಇಳಿಸುವ ಮೊದಲು ಕಚೇರಿಗೆ ಒಂದು ಮಾತು ತಿಳಿಸಲಿ. ಗಿಡಗಳನ್ನು ಬೇರಿನೊಂದಿಗೆ, ಸಾಧ್ಯವಾದರೆ ಕೊಂಬೆಯ ತುಂಡಿನೊಂದಿಗೇ ತಂದು ಅಲ್ಲಿ ಕಟ್ಟೋಣ. ಗಿಡಕ್ಕೊಂದು ಚೀಟಿ, ಒಂದು ದಪ್ಪ ಪುಸ್ತಕ. ಖರ್ಚು ಹೆಚ್ಚಿಲ್ಲ, ಮೊದಲ ವರ್ಷದ್ದನ್ನು ನಾನೇ ಭರಿಸುತ್ತೇನೆ.

ಮೂರು, ಪ್ರತಿ ಜೂನ್ ತಿಂಗಳ ಮೊದಲ ಭಾನುವಾರ ಆ ಚಪ್ಪರದಲ್ಲಿ ಸದಸ್ಯರು ಸೇರಿ ಪಾಲು ಮಾಡಿದ ಗಿಡಗಳನ್ನು ಪರಸ್ಪರ ಬದಲಾಯಿಸಿಕೊಳ್ಳಲಿ. ಬೈಂದೂರಿನವರದು ಬ್ರಹ್ಮಾವರಕ್ಕೆ, ಬ್ರಹ್ಮಾವರದವರದು ಸಿದ್ದಾಪುರಕ್ಕೆ. ಶಾಲೆಯ ಮಕ್ಕಳೂ ಬರಲಿ.

ನಾಲ್ಕು, ಹೂವು ಮಾರಿ ಸಂಪಾದಿಸಬೇಕೆನ್ನುವ ಮನೆಗಳ ಪಟ್ಟಿ ಮಾಡಿ, ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳಲ್ಲಿ ಸಲಹೆ ಕೇಳೋಣ. ಸಿಕ್ಕಿಮಿನ ಪಾಕ್ಯೋಂಗಿನಲ್ಲಿ 1996ರಿಂದ ರಾಷ್ಟ್ರೀಯ ಆರ್ಕಿಡ್ ಸಂಶೋಧನಾ ಕೇಂದ್ರವೇ ಇದೆ. ಅಲ್ಲಿಗೂ ಒಂದು ಕಾಗದ ಬರೆಯೋಣ. ಉತ್ತರ ಬಂದರೆ ಇದೇ ಪುಟದಲ್ಲಿ ಪ್ರಕಟಿಸುತ್ತೇನೆ.

ಕಮಿಷನ್ ಹೋಯಿತಲ್ಲ, ವಾಚ್‌ಮನ್ ಸಂಬಳಕ್ಕೇನು ಮಾಡುವುದು ಎಂದು ಕೇಳುವವರಿಗೆ ಇಷ್ಟೇ ಹೇಳುತ್ತೇನೆ. ಬಾಕಿದಾರರಾದ ಸದಸ್ಯರು ಕಂತು ಕಟ್ಟಿದರೆ ಇಬ್ಬರು ವಾಚ್‌ಮನ್‌ಗಳನ್ನು ಇಡಬಹುದು!

ಬರುವ ಮೇ ತಿಂಗಳಿನಲ್ಲಿ ತಮ್ಮ ತೋಟದ ಹಳೆಯ ಮರಗಳನ್ನು ಒಮ್ಮೆ ತಲೆಯೆತ್ತಿ ನೋಡಿ. ಅಡಿಕೆಯ ಕೊನೆಯನ್ನೇ ನೋಡಿ ರೂಢಿಯಾದ ನಮ್ಮ ಕಣ್ಣಿಗೆ ಪಕ್ಕದ ಕೊಂಬೆಯ ದಂಡೆ ಕಾಣಿಸುವುದು ಕಡಿಮೆ. ಕಂಡರೆ ಕೆಲಸಗಾರನಿಗೂ ತೋರಿಸಿ, ಅದು ಬಂದಳಿಕೆಯಲ್ಲವೆಂದು ಹೇಳಿ. ನಮ್ಮ ಕೊನೆಗಾರ ಈಗ ಹೊಸ ಗಿಡ ಕಂಡರೆ ಮರದ ಮೇಲಿನಿಂದಲೇ ಕೂಗಿ ಹೇಳುತ್ತಾನೆ. ನಾನು ಕೆಳಗೆ ನಿಂತು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ.

ಮಹಾಸಭೆಗೆ ತಪ್ಪದೆ ಬನ್ನಿ. ನನ್ನ ಮಾತು ತಪ್ಪೆಂದು ಕಂಡರೆ ಅಲ್ಲೇ ಹೇಳಿ, ತಿದ್ದಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ